ನೀ ನಮ್ಮ ಟೀಮಿಗೆ ಬ್ಯಾಡ

ಈ ಬಗೆಯ ಅನಿಮೆಯ ಮೊದಲ ಹತ್ತು ನಿಮಿಷ ನೋಡದೇನೇ ಹೇಳಬಹುದು. ಒಂದು ಹಳೇ ಖಾನಾವಳಿ, ಉದ್ದನೆಯ ಮರದ ಟೇಬಲ್ಲು. ಒಂದು ಬದಿಗೆ ಥಳಥಳ ಕವಚ ತೊಟ್ಟ ನಾಯಕ, ಅವನ ಎಡಬಲಕ್ಕೆ ಒಬ್ಬ ಮಾಂತ್ರಿಕ, ಒಬ್ಬಳು ವೈದ್ಯೆ, ಮಾತೇ ಆಡದ ಒಬ್ಬ ದಾಂಡಿಗ. ಇನ್ನೊಂದು ಬದಿಗೆ ನಮ್ಮ ಹುಡುಗ, ಇವರೆಲ್ಲರ ಗಂಟುಮೂಟೆ ಹೊತ್ತು ಈಗಷ್ಟೇ ಒಳಗೆ ಬಂದವನು. ನಾಯಕ ಗಂಟಲು ಸರಿಮಾಡಿಕೊಂಡು ಹೇಳ್ತಾನೆ: ನಾಳೆಯಿಂದ ನೀನು ನಮ್ಮ ಜೊತೆ ಬರೋದು ಬೇಡ, ನೀನು ದಂಡ, ನಮಗೆ ಹೊರೆ. ಮಾಂತ್ರಿಕ ನಗ್ತಾನೆ. ವೈದ್ಯೆ ಬೇರೆ ಕಡೆ ನೋಡ್ತಾಳೆ. ಹುಡುಗ ಕತ್ತಿ ಕೆಳಗಿಟ್ಟು ಹೊರಗೆ ನಡೀತಾನೆ. ಹೊರಗೆ ಮಳೆ. ಮಳೆ ಇರಲೇಬೇಕು.

ಹನ್ನೊಂದನೇ ನಿಮಿಷಕ್ಕೆ ಗೊತ್ತಾಗುತ್ತೆ, ಇಡೀ ಲೋಕದಲ್ಲಿ ಇವನಷ್ಟು ಬಲಶಾಲಿ ಇನ್ನೊಬ್ಬ ಇಲ್ಲ ಅಂತ.

ಜಪಾನಿನಲ್ಲಿ ಇದಕ್ಕೊಂದು ಹೆಸರೇ ಇದೆ: ‘ತ್ಸುಯಿಹೋ’ ಕಥೆಗಳು, ಅಂದ್ರೆ ಗಡೀಪಾರಿನ ಕಥೆಗಳು. ಯಾರು ಬೇಕಾದರೂ ಕಾದಂಬರಿ ಬರೆದು ಹಾಕಬಹುದಾದ ‘ಶೋಸೆತ್ಸುಕಾ ನಿ ನಾರೋ’ ಅನ್ನೋ ತಾಣ 2004ರಲ್ಲಿ ಶುರುವಾಯ್ತು. ಇಂಥ ಕಥೆಗಳ ದೊಡ್ಡ ಪಾಲು ಹುಟ್ಟಿದ್ದು ಅಲ್ಲಿ, ಆಫೀಸು ಮುಗಿಸಿ ರೈಲಿನಲ್ಲಿ ಮೊಬೈಲ್ ಹಿಡಿದು ಕೂತವರಿಗಾಗಿ. ಸಾಲು ಸಾಲು ಕಥೆಗಳ ನಡುವೆ ಕಣ್ಣಿಗೆ ಬೀಳಬೇಕಲ್ಲ, ಅದಕ್ಕೇ ಶೀರ್ಷಿಕೆಯಲ್ಲೇ ಇಡೀ ಕಥೆ ಹೇಳಿಬಿಡ್ತಾರೆ. ಓದುಗರೂ ಕಥೆಯಿಂದ ಏನು ಬೇಕು ಅಂತ ಸ್ಪಷ್ಟವಾಗಿ ಕೇಳ್ತಾರೆ. ಅವರಿಗೆ ಬೇಕಾದ್ದು ‘ಝಮಾ’. ಈ ಪದಕ್ಕೆ ಬೆಂಗಳೂರು ಕನ್ನಡದಲ್ಲಿ ಸರಿಯಾದ ಸಾಟಿ ಇಲ್ಲ. ಧಾರವಾಡದಲ್ಲಿ ಇದೆ: ‘ಹಂಗಽ ಆಗಬೇಕು ಮಗನಿಗೆ!’ ಹೊರಹಾಕಿದ ನಾಯಕ ಸೋತು, ಹರಿದ ಬಟ್ಟೆಯಲ್ಲಿ ಬಂದು, ವಾಪಸ್ ಬಾರಪ್ಪಾ ಅಂತ ಅಂಗಲಾಚಬೇಕು. ಹುಡುಗ ತಣ್ಣಗೆ ‘ಈಗ ತಡ ಆಯ್ತು’ ಅನ್ನಬೇಕು. ಈ ‘ತಡ ಆಯ್ತು’ ಅನ್ನೋ ಮಾತು ಎಷ್ಟು ಶೀರ್ಷಿಕೆಗಳಲ್ಲಿ ಬಂತು ಅಂದ್ರೆ, ಕೊನೆಗೆ ಅದನ್ನೇ ಗೇಲಿ ಮಾಡುವ ಕಥೆಗಳು ಬಂದವು.

ಇದು ಕಸ ಅಂತ ಹೇಳಿ ಮುಂದೆ ಹೋಗೋದು ಸುಲಭ. ಹಾಗೆ ಹೇಳೋರು ಬಹಳ ಜನ ಇದ್ದಾರೆ, ಅವರಲ್ಲಿ ಹೆಚ್ಚಿನವರು ಗುಟ್ಟಾಗಿ ನೋಡ್ತಾರೆ ಕೂಡ. ನನ್ನ ಕುತೂಹಲ ಬೇರೆ. 2022ರ ಕೊನೆ, 2023ರ ಆ ಲೇಆಫ್ ದಿನಗಳಲ್ಲಿ ನನಗೆ ಗೊತ್ತಿರೋ ಎಷ್ಟೋ ಜನ, ಬೆಂಗಳೂರು ಬಿಟ್ಟು ಹುಬ್ಬಳ್ಳಿಗೆ ವಾಪಸ್ ಬಂದು ಅಪ್ಪನ ಮನೆಯ ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡವರು, ಇದನ್ನೇ ಯಾಕೆ ನೋಡ್ತಿದ್ದರು? ಒಬ್ಬ ಗೆಳೆಯನನ್ನು ಹದಿನೈದು ನಿಮಿಷದ ವಿಡಿಯೋ ಕಾಲ್‌ನಲ್ಲಿ ಕೆಲಸದಿಂದ ತೆಗೆದಿದ್ದರು. ಆ ಕಾಲ್‌ನಲ್ಲಿ ಅವನ ಮ್ಯಾನೇಜರ್ ಕ್ಯಾಮೆರಾ ಕೂಡ ಆನ್ ಮಾಡಿರಲಿಲ್ಲವಂತೆ. ಅವನು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ-ಧಾರವಾಡ ಓಡಾಡ್ತಾ ಒಂದಾದ ಮೇಲೊಂದು ಗಡೀಪಾರಿನ ಅನಿಮೆ ಮುಗಿಸಿದ. ಒಂದು ಎಪಿಸೋಡು ಸುಮಾರು 24 ನಿಮಿಷ, ಜಾಹೀರಾತು ಹಾರಿಸಿದರೆ ಇನ್ನೂ ಕಮ್ಮಿ. ‘ಇದರಾಗ ಹೊರಗ ಹಾಕೋವಾಗ ಎದುರಿಗರೆ ಕುಂದ್ರತಾರ ಲೇ’ ಅಂದ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ಈ ಕಥೆಗಳನ್ನು ಗಂಭೀರವಾಗಿಯೇ ತಗೊಳ್ಳೋಣ. ಗಂಭೀರವಾಗಿ ತಗೊಂಡ ಕೂಡಲೇ ಮೊದಲ ತಕರಾರು ಎದ್ದು ನಿಲ್ಲುತ್ತೆ: ಇಲ್ಲಿ ಹೊರಹಾಕುವವನು ಯಾವಾಗಲೂ ಮೂರ್ಖ.

2022ರ ಅಕ್ಟೋಬರ್‌ನಲ್ಲಿ ಬಂದ ‘ಬೀಸ್ಟ್ ಟೇಮರ್’ ತಗೊಳ್ಳಿ. ರೇನ್ ಅನ್ನೋ ಹುಡುಗ ಪ್ರಾಣಿಗಳನ್ನು ಪಳಗಿಸುವವನು. ಅರಿಯೋಸ್ ಅನ್ನೋ ‘ವೀರ’ ಅವನನ್ನು ನಿಷ್ಪ್ರಯೋಜಕ ಅಂತ ಓಡಿಸ್ತಾನೆ. ರೇನ್‌ಗೆ ದಾರಿಯಲ್ಲಿ ಕನಾದೆ ಅನ್ನೋ ಬೆಕ್ಕಿನ ಕಿವಿಯ ಹುಡುಗಿ ಸಿಗ್ತಾಳೆ, ಲೋಕದ ಅತಿ ಬಲಿಷ್ಠ ಕುಲಗಳಲ್ಲಿ ಒಂದಕ್ಕೆ ಸೇರಿದವಳು. ಅವಳು ಇವನ ಜೊತೆಯಾದ ಮೇಲೆ ಅಂಥವರೇ ಇನ್ನಷ್ಟು ಜನ ಬಂದು ಸೇರ್ತಾರೆ. ಬಣ್ಣ ಚೆಂದ, ಹುಡುಗಿಯರು ಮುದ್ದು, ಮನಸ್ಸಿಗೆ ಹಗುರ. ಆದರೆ ಅರಿಯೋಸ್ ಎಂಥ ಪೆದ್ದ ಅಂದ್ರೆ, ಇಂಥವನು ಇಷ್ಟು ದಿನ ಬದುಕಿದ್ದೇ ಹೇಗೆ ಅನಿಸುತ್ತೆ. ಅವನಿಗೆ ರೇನ್ ಕೆಲಸ ಕಾಣೋದಿಲ್ಲ, ಯಾಕಂದ್ರೆ ಕಾಣಬಾರದು ಅಂತ ಕಥೆಗಾರ ಕಣ್ಣು ಕಟ್ಟಿದ್ದಾನೆ. ನಮ್ಮನ್ನು ತೂಗಿದವರು ಮೂರ್ಖರಾಗಿದ್ದರೆ ನಮ್ಮ ತೂಕದ ಪ್ರಶ್ನೆಯೇ ಬರೋದಿಲ್ಲ. ಸಮಾಧಾನ ಅಂದ್ರೆ ಇದೇ. ಮೋಸವೂ ಇಲ್ಲೇ ಇದೆ.

ಇದಕ್ಕಿಂತ ಕಷ್ಟದ ಪ್ರಶ್ನೆಯನ್ನು ನಮ್ಮ ಕಡೆಯ ಕಥೆ ಯಾವತ್ತೋ ಕೇಳಿದೆ. ಉದ್ಯೋಗಪರ್ವದಲ್ಲಿ ಯುದ್ಧಕ್ಕೆ ಮುಂಚೆ ದುರ್ಯೋಧನ ಭೀಷ್ಮನ ಹತ್ತಿರ ತನ್ನ ಸೈನ್ಯದ ಅಪ್ರೈಸಲ್ ಮಾಡಿಸ್ತಾನೆ. ಇವನು ರಥಿ, ಅವನು ಅತಿರಥ ಅಂತ ಒಬ್ಬೊಬ್ಬರಿಗೂ ರೇಟಿಂಗ್. ಕರ್ಣನ ಸರದಿ ಬಂದಾಗ ಭೀಷ್ಮ ಹೇಳೋದು ‘ಅರ್ಧರಥ’. ಮುಗೀತು. ಎಸ್ ರ‍್ಯಾಂಕಿನವನಿಗೆ ಡಿ ರ‍್ಯಾಂಕ್. ಕರ್ಣ ಸಿಟ್ಟಾಗಿ, ಭೀಷ್ಮ ಇರೋವರೆಗೂ ಬಿಲ್ಲು ಹಿಡಿಯಲ್ಲ ಅಂತ ಹೊರಗುಳೀತಾನೆ. ಯುದ್ಧದ ಮೊದಲ ಹತ್ತು ದಿನ ಅವನು ಬೆಂಚ್ ಮೇಲೆ.

ಇದು ನೂರಕ್ಕೆ ನೂರು ಗಡೀಪಾರಿನ ಕಥೆಯೇ. ಆದರೆ ಒಂದು ವ್ಯತ್ಯಾಸ ನೋಡಿ. ತೂಗಿದವನು ಅರಿಯೋಸ್ ಅಲ್ಲ, ಭೀಷ್ಮ. ಕಾರಣವನ್ನೂ ಕೊಡ್ತಾನೆ: ಹುಟ್ಟಿನಿಂದ ಬಂದ ಕವಚಕುಂಡಲ ಕಳಕೊಂಡಿದ್ದಾನೆ, ಪರಶುರಾಮನ ಶಾಪ ಇದೆ. ಡೇಟಾ ತಪ್ಪಿಲ್ಲ. ಆದರೂ ತೀರ್ಪಿನಲ್ಲಿ ಬೇರೇನೋ ಬೆರೆತಿದೆ ಅಂತ ಕರ್ಣನಿಗೂ ಗೊತ್ತು, ನಮಗೂ ಗೊತ್ತು. ಹತ್ತನೇ ದಿನ ಭೀಷ್ಮ ಬಾಣದ ಹಾಸಿಗೆ ಮೇಲೆ ಮಲಗಿದಾಗ ಕರ್ಣ ಒಬ್ಬನೇ ಹೋಗಿ ಎದುರು ನಿಲ್ತಾನೆ. ಅಲ್ಲಿ ‘ತಡ ಆಯ್ತು’ ಇಲ್ಲ, ‘ಹಂಗಽ ಆಗಬೇಕು’ ಇಲ್ಲ. ಮುದುಕ ಒಪ್ಪಿಕೊಳ್ತಾನೆ, ನಿನ್ನ ಸೊಕ್ಕು ಇಳಿಸಲಿಕ್ಕೆ ಹಾಗಂದೆ, ನೀನು ಅರ್ಜುನನಿಗೆ ಸಮ ಅಂತ. ಕರ್ಣನಿಗೆ ಅದನ್ನು ಕೇಳಿ ಗೆದ್ದ ಖುಷಿಯೂ ಸಿಗೋದಿಲ್ಲ. ತನ್ನನ್ನು ಕಡಿಮೆ ಅಂದವನು ಬುದ್ಧಿವಂತನೂ ಹೌದು, ದೊಡ್ಡವನೂ ಹೌದು, ಅನ್ಯಾಯವನ್ನೂ ಮಾಡಿದ. ಮೂರೂ ಒಟ್ಟಿಗೆ ನಿಜ. ನಮ್ಮ ಆಫೀಸುಗಳಲ್ಲಿ ಆಗೋದು ಹೆಚ್ಚಾಗಿ ಇದೇ ಅಲ್ವಾ?

ವಿರಾಟಪರ್ವವಂತೂ ಇನ್ನೂ ಹತ್ತಿರ. ಹಳ್ಳಿಗಳಲ್ಲಿ ಮಳೆ ಬಾರದಿದ್ದರೆ ಓದಿಸ್ತಿದ್ದ ಪರ್ವ ಅದು. ಕುಮಾರವ್ಯಾಸನ ಊರು ಅಂತ ಹೇಳೋ ಕೋಳಿವಾಡ ನಮ್ಮ ಹುಬ್ಬಳ್ಳಿ ತಾಲೂಕಿನಲ್ಲೇ ಇದೆ, ಹಾಗಾಗಿ ಸ್ವಲ್ಪ ಸ್ವಾಭಿಮಾನ ಸೇರಿಸಿಯೇ ಹೇಳ್ತೀನಿ. ನಾಟ್ಯ ಕಲಿಸುವ ಬೃಹನ್ನಳೆಯನ್ನು ಉತ್ತರಕುಮಾರ ಬರೀ ಸಾರಥಿ ಮಾಡಿಕೊಂಡು ಹೋಗ್ತಾನೆ, ಕೌರವ ಸೈನ್ಯ ಕಂಡು ರಥ ಬಿಟ್ಟು ಓಡ್ತಾನೆ. ಯಾರನ್ನು ಕಡೆಗಣಿಸಿದ್ದರೋ ಅವನೇ ಒಬ್ಬನೇ ನಿಂತು ಇಡೀ ಸೈನ್ಯ ಗೆಲ್ತಾನೆ. ಅನಿಮೆಯಾಗಿದ್ದರೆ ಮುಂದಿನ ಸೀನ್ ಏನು ಹೇಳಿ? ಅರಮನೆ, ಎಲ್ಲರ ತೆರೆದ ಬಾಯಿ, ಬೃಹನ್ನಳೆಯ ತಣ್ಣನೆ ನಗು. ಇಲ್ಲಿ ಅರ್ಜುನ ಮಾಡೋದೇ ಬೇರೆ. ಗೆದ್ದದ್ದು ನೀನೇ ಅಂತ ಹೇಳಿಕೋ, ಅಂತಾನೆ ಉತ್ತರನಿಗೆ. ಕ್ರೆಡಿಟ್ ಕೊಟ್ಟುಬಿಡ್ತಾನೆ. ಆಮೇಲೆ ವಿರಾಟರಾಯ ಮಗನನ್ನು ಹೊಗಳುವಾಗ, ಗೆದ್ದದ್ದು ಬೃಹನ್ನಳೆ ಇದ್ದದ್ದರಿಂದ ಅಂತ ಬಾಯಿ ಬಿಟ್ಟ ಧರ್ಮರಾಯನ ಮುಖಕ್ಕೆ ಪಗಡೆ ದಾಳ ಬೀಳುತ್ತೆ, ರಕ್ತ ಬರುತ್ತೆ. ಸತ್ಯ ಹೇಳಿದವನ ಮೂಗಿನ ರಕ್ತ. ಈ ಒಂದು ದೃಶ್ಯದ ಎದುರು ನಾನು ನೋಡಿದ ಇಪ್ಪತ್ತು ಸೀಸನ್‌ಗಳ ಝಮಾ ಸಪ್ಪೆ.

ಹಳೇ ಚಿನ್ನ, ಹೊಸ ಕಸ ಅಂತ ಷರಾ ಬರೆಯೋ ಉದ್ದೇಶ ನನಗಿಲ್ಲ. ಯಾಕಂದ್ರೆ ಇದೇ ರಾಶಿಯಲ್ಲಿ ಒಂದು ಅನಿಮೆ ನಿಜಕ್ಕೂ ಬೇರೆ ಕೆಲಸ ಮಾಡಿದೆ. ಅದರ ಹೆಸರು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತೆ: ‘ನೀನು ನಿಜವಾದ ಸಂಗಾತಿ ಅಲ್ಲ ಅಂತ ವೀರನ ಪಾರ್ಟಿಯಿಂದ ಹೊರಹಾಕಿದ್ದಕ್ಕೆ, ಗಡಿನಾಡಿನಲ್ಲಿ ನಿಧಾನದ ಬದುಕು ಬಾಳೋಣ ಅಂತ ತೀರ್ಮಾನಿಸಿದೆ.’ ಝಪ್ಪೊನ್ ಅನ್ನೋ ಹೆಸರಲ್ಲಿ ಬರೆಯುವ ಲೇಖಕರ ಕಾದಂಬರಿ, 2018ರಿಂದ ಪುಸ್ತಕವಾಗಿ ಬರ್ತಿದೆ. ಅನಿಮೆಯ ಮೊದಲ ಸೀಸನ್ 2021ರ ಅಕ್ಟೋಬರ್‌ನಲ್ಲಿ, ಎರಡನೆಯದು 2024ರ ಜನವರಿಯಲ್ಲಿ ಬಂತು. ಚಿತ್ರಕೆಲಸ ಸಾಧಾರಣ, ಹೊಡೆದಾಟಗಳಂತೂ ಕೆಲವು ಕಡೆ ಸ್ಲೈಡ್ ಶೋ ಥರ. ಅದನ್ನು ಮುಂಚೆಯೇ ಹೇಳಿಬಿಡ್ತೀನಿ, ಆಮೇಲೆ ನನ್ನ ಬೈಬೇಡಿ.

ಗಿಡಿಯನ್ ವೀರಳ ಅಣ್ಣ. ಹೌದು, ಇಲ್ಲಿ ಲೋಕ ಉಳಿಸಬೇಕಾದ ‘ವೀರ’ ಅವನ ತಂಗಿ ರೂಟಿ. ಈ ಲೋಕದಲ್ಲಿ ಪ್ರತಿಯೊಬ್ಬರೂ ಹುಟ್ಟುವಾಗಲೇ ಒಂದು ‘ವರ’ ಹೊತ್ತು ಬರ್ತಾರೆ. ಗಿಡಿಯನ್‌ದು ‘ದಾರಿ ತೋರುವವನ’ ವರ. ಅದರ ಲಾಭ ಒಂದೇ: ಶುರುವಿನಲ್ಲೇ ಲೆವೆಲ್ ಬಹಳ ಮೇಲೆ ಇರುತ್ತೆ. ವಿಶೇಷ ವಿದ್ಯೆ ಒಂದೂ ಇಲ್ಲ. ವೀರಳ ಪಯಣದ ಮೊದಲ ಮೈಲಿಗಳಲ್ಲಿ ಅವಳನ್ನು ಕಾಯೋದಕ್ಕೆ ಮಾಡಿದ ವರ ಅದು. ಉಳಿದವರು ಬೆಳೀತಾರೆ, ಇವನು ಅಲ್ಲೇ ಇರ್ತಾನೆ. ಹೊಸಬರಿಗೆ ಕೆಲಸ ಕಲಿಸಿ, ಅವರು ಪ್ರಮೋಷನ್ ತಗೊಂಡು ಹೋಗೋದನ್ನು ನೋಡ್ತಾ ಕೂರೋ ಹಿರಿಯ ಸಹೋದ್ಯೋಗಿ ನಿಮ್ಮ ಆಫೀಸಿನಲ್ಲೂ ಇರಬಹುದು. ಒಂದು ದಿನ ಅರೆಸ್ ಅನ್ನೋ ‘ಜ್ಞಾನಿ’ ಅವನಿಗೆ ಹೇಳ್ತಾನೆ, ನೀನು ನಿಜವಾದ ಸಂಗಾತಿ ಅಲ್ಲ, ಹೊರಡು.

ಬೇರೆ ಕಥೆಗಳಿಗೂ ಇದಕ್ಕೂ ಇರೋ ಅಂತರ ಇಲ್ಲೇ. ಲೆಕ್ಕದ ಮಟ್ಟಿಗೆ ಅರೆಸ್ ಹೇಳಿದ್ದು ಸುಳ್ಳಲ್ಲ. ಗಿಡಿಯನ್ ಹಿಂದೆ ಬೀಳ್ತಿದ್ದ. ಅದು ಅವನಿಗೂ ಗೊತ್ತಿತ್ತು, ಅದಕ್ಕೇ ಜಗಳ ಆಡದೆ ಹೊರಟ. ಝೋಲ್ಟಾನ್ ಅನ್ನೋ ಮೂಲೆ ಊರಿಗೆ ಬಂದು ರೆಡ್ ಅಂತ ಹೆಸರು ಬದಲಿಸಿಕೊಂಡು, ಸೊಂಟಕ್ಕೆ ಒಂದು ಅಗ್ಗದ ಕಂಚಿನ ಕತ್ತಿ ಕಟ್ಟಿಕೊಂಡು, ಡಿ ರ‍್ಯಾಂಕಿನವನಾಗಿ ಗುಡ್ಡದಲ್ಲಿ ಗಿಡಮೂಲಿಕೆ ಕೀಳ್ತಾನೆ. ದುಡ್ಡು ಕೂಡಿಸಿ ಔಷಧಿ ಅಂಗಡಿ ಹಾಕ್ತಾನೆ. ಹಳೇ ಪರಿಚಯದ ರಾಜಕುಮಾರಿ ರಿಟ್ ಹುಡುಕಿಕೊಂಡು ಬಂದು ಪಾಲುದಾರಳಾಗ್ತಾಳೆ. ಎಷ್ಟೋ ಎಪಿಸೋಡುಗಳಲ್ಲಿ ಇವರು ಮಾಡೋದು ಅಡುಗೆ, ಅಂಗಡಿ ಲೆಕ್ಕ, ಇಬ್ಬರೂ ಕೆಂಪೇರೋದು. ಅಷ್ಟೇ. ಬಿರುಗಾಳಿ ಮಳೆ ಬಿಟ್ಟರೆ ದೊಡ್ಡ ಸುದ್ದಿ ಏನೂ ಇಲ್ಲದ ಊರು, ಯಾರೂ ಯಾರ ಹಳೇ ರೆಸ್ಯೂಮೆ ಕೇಳದ ಊರು. ರಾತ್ರಿ ಓಡೆನ್ ಗಾಡಿ ಮುಂದೆ ನಿಂತು ತಿನ್ನೋ ಸೀನ್ ನೋಡುವಾಗ ನನಗೆ ಗಿರಮಿಟ್ ಗಾಡಿ ನೆನಪಾಗದೆ ಇರಲಿಲ್ಲ. ಝೋಲ್ಟಾನ್ ಧಾರವಾಡವೇ ಅಂತ ವಾದ ಮಾಡಲ್ಲ. ಆದರೆ ಪಿಂಚಣಿದಾರರ ಊರಿನ ಆ ಆರಾಮ, ಆ ಸೋಮಾರಿತನ, ಜೊತೆಗೆ ಆ ಸೋಮಾರಿತನದ ಬಗ್ಗೆ ಊರವರಿಗಿರೋ ಹೆಮ್ಮೆ, ಎಲ್ಲ ಪಕ್ಕಾ.

ಇತ್ತ ಅವನಿಲ್ಲದ ಪಾರ್ಟಿ ಕುಸೀತಾ ಬರುತ್ತೆ. ಯಾಕೆ? ಯುದ್ಧದಲ್ಲಿ ಅವನ ಕತ್ತಿ ಇಲ್ಲ ಅಂತಲ್ಲ. ಯಾವ ಊರಲ್ಲಿ ಎಷ್ಟು ಅಕ್ಕಿ ಕೊಳ್ಳಬೇಕು, ಯಾವ ಸರದಾರನ ಹತ್ತಿರ ಹೇಗೆ ಮಾತಾಡಬೇಕು, ಯಾರಿಗೆ ಯಾವಾಗ ಸುಸ್ತಾಗಿದೆ ಅನ್ನೋದನ್ನು ನೋಡ್ತಿದ್ದವನು ಇಲ್ಲ. ಈ ಕೆಲಸಗಳಿಗೆ ವರವೂ ಇಲ್ಲ, ಲೆವೆಲ್ಲೂ ಇಲ್ಲ, ಹಾಗಾಗಿ ಅವು ಯಾರ ಕಣ್ಣಿಗೂ ಕೆಲಸ ಅಂತ ಕಂಡಿರಲಿಲ್ಲ. ಟೆಸ್ಟಿಂಗ್ ಟೀಮಿನವರು, ಆಫೀಸು ನಡೆಸುವ ಅಡ್ಮಿನ್‌ನವರು, ಮನೆಯಲ್ಲಿ ಅವ್ವ, ಇವರೆಲ್ಲ ಈ ಭಾಗ ನೋಡುವಾಗ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಸುಮ್ಮನಾಗ್ತಾರೆ ಅಂತ ನನ್ನ ಅಂದಾಜು.

ಆದರೂ ಒಂದು ಕೊರಗು ಉಳಿಯುತ್ತೆ. ಗಡೀಪಾರಿನ ಇಡೀ ಪ್ರಕಾರದಲ್ಲಿ, ಈ ಒಳ್ಳೇ ಕಥೆಯನ್ನೂ ಸೇರಿಸಿ, ಹೊರಹಾಕಿಸಿಕೊಂಡವನು ಕೊನೆಗೆ ಉಪಯೋಗದವನೇ ಆಗಿರಬೇಕು. ಗುಪ್ತ ಶಕ್ತಿ ಇರಬೇಕು, ಇಲ್ಲವೇ ಯಾರೂ ಗಮನಿಸದ ದುಡಿಮೆ ಇರಬೇಕು. ‘ಅವನನ್ನು ಹೊರಹಾಕಿದ್ದು ತಪ್ಪು, ಯಾಕಂದ್ರೆ ಅವನು ಕೆಲಸಕ್ಕೆ ಬರ್ತಿದ್ದ.’ ಹಾಗಾದರೆ ನಿಜವಾಗಿಯೂ ಕೆಲಸಕ್ಕೆ ಬಾರದವನನ್ನು ಮಳೆಯಲ್ಲಿ ಬಿಡೋದು ಸರಿಯಾ? ಈ ಪ್ರಶ್ನೆಯನ್ನು ಅವು ಮುಟ್ಟೋದೇ ಇಲ್ಲ. ಅರಿಯೋಸ್‌ನ ನಿಯಮವನ್ನು ರೇನ್ ಒಪ್ಪಿಕೊಂಡೇ ಆಟ ಆಡ್ತಾನೆ, ಅಂಕ ಎಣಿಸಿದ್ದು ತಪ್ಪಾಯ್ತು ಅಂತ ಮಾತ್ರ ಅವನ ದೂರು. 2019ರ ‘ಶೀಲ್ಡ್ ಹೀರೋ’ದಲ್ಲಿ ಇದು ತೀರಾ ಅಸಹ್ಯಕ್ಕೆ ಹೋಗುತ್ತೆ. ಸುಳ್ಳು ಆರೋಪ ಹೊತ್ತು ಎಲ್ಲರಿಂದ ತಿರಸ್ಕೃತನಾದ ನವೋಫುಮಿ ಮಾಡೋ ಮೊದಲ ದೊಡ್ಡ ಕೆಲಸ ಏನು? ರಾಫ್ತಾಲಿಯಾ ಅನ್ನೋ ಮಗುವನ್ನು ಗುಲಾಮಳಾಗಿ ಕೊಳ್ಳೋದು. ಕಥೆ ಇದನ್ನು ಅವನ ಗಾಯಕ್ಕೆ ಮುಲಾಮಿನ ಥರ ತೋರಿಸುತ್ತೆ, ಕೊನೆಗೆ ಅವಳೇ ಆ ಬಂಧನವನ್ನು ಪ್ರೀತಿಯಿಂದ ಒಪ್ಪೋ ಹಾಗೆ ಮಾಡುತ್ತೆ. ಪೆಟ್ಟು ತಿಂದವನಿಗೆ ತನಗಿಂತ ಕೆಳಗೆ ಒಬ್ಬರು ಸಿಕ್ಕರೆ ಸಮಾಧಾನ. ಇದೂ ನಮಗೆ ಹೊಸದಲ್ಲ, ಮೆಟ್ಟಿಲು ಮೆಟ್ಟಿಲಾಗಿ ನಾವು ಕಟ್ಟಿಕೊಂಡಿದ್ದೇ ಇದನ್ನು.

ಮೆಟ್ಟಿಲು ಅಂದ ಮೇಲೆ ಆ ‘ವರ’ದ ಮಾತಿಗೆ ಬರಲೇಬೇಕು. ಝಪ್ಪೊನ್ ಕಥೆ ನಿಜಕ್ಕೂ ಎಚ್ಚರಾಗೋದು ಅಲ್ಲಿ. ಆ ಲೋಕದಲ್ಲಿ ಹುಟ್ಟು ಕೊಟ್ಟ ವರ ಬರೀ ಶಕ್ತಿಯಲ್ಲ, ಒಂದು ತುಡಿತ ಕೂಡ. ಆಯುಧದ ವರ ಪಡೆದ ಆಲ್ ಅನ್ನೋ ಹುಡುಗನಿಗೆ ಹೊಡೆದಾಟ ಬೇಡ, ಆದರೆ ಒಳಗಿನಿಂದ ಅದು ತಳ್ಳುತ್ತೆ. ನೀನು ಏನಾಗಬೇಕು ಅನ್ನೋದು ನೀನು ಹುಟ್ಟಿದಾಗಲೇ ಬರೆದಿದೆ, ಹಾಗೆ ಬದುಕೋದೇ ದೇವರ ಇಚ್ಛೆ ಅಂತ ಅವರ ಮಠಮಂದಿರಗಳು ಹೇಳುತ್ತವೆ. ಜಪಾನಿನ ಓದುಗನಿಗೆ ಇದು ವಿಡಿಯೋ ಗೇಮಿನ ಕ್ಲಾಸ್ ಸಿಸ್ಟಮ್. ಧಾರವಾಡದಲ್ಲಿ ಕೂತು ನೋಡೋರಿಗೆ ಇದು ಗೇಮ್ ಅನಿಸೋದು ಕಷ್ಟ.

ಎಲ್ಲರಿಗಿಂತ ಕೆಟ್ಟ ಸ್ಥಿತಿ ರೂಟಿಯದು, ಎಲ್ಲರಿಗಿಂತ ಮೇಲಿನ ವರ ಇರೋವಳದು. ‘ವೀರ’ದ ವರ ಅವಳಿಗೆ ವಿಷ ತಾಗದ ಹಾಗೆ, ಚಳಿ ತಾಗದ ಹಾಗೆ ಮಾಡಿದೆ. ಜೊತೆಗೆ ಹಸಿವು, ನಿದ್ದೆ, ರುಚಿ ಎಲ್ಲ ಕಿತ್ತುಕೊಂಡಿದೆ. ಕಷ್ಟದಲ್ಲಿರೋರನ್ನು ಕಂಡರೆ ಅವಳು ನಿಲ್ಲಲೇಬೇಕು, ಬೇಕೋ ಬೇಡವೋ ಅಂತ ಯಾರೂ ಕೇಳಲ್ಲ. ಪಾರ್ಟಿಯಿಂದ ಹೊರಬಿದ್ದ ಅಣ್ಣ ಗೆದ್ದ, ಒಳಗೇ ಉಳಿದ ತಂಗಿ ಸಿಕ್ಕಿಬಿದ್ದಳು. ತನ್ನ ವರವನ್ನು ದುರ್ಬಲ ಮಾಡೋ ಒಂದು ಮಾದಕ ಔಷಧ ನುಂಗಲಿಕ್ಕೆ ಶುರು ಮಾಡ್ತಾಳೆ, ಆ ಔಷಧದ ಬೆನ್ನು ಹಿಡಿದೇ ಝೋಲ್ಟಾನ್‌ಗೆ ಬರ್ತಾಳೆ. ಟಾಪ್ ಪರ್ಫಾರ್ಮರ್ ಒಬ್ಬಳು ಗುಳಿಗೆ ನುಂಗಿ ತನ್ನ ರೇಟಿಂಗ್ ಇಳಿಸಿಕೊಳ್ಳೋ ಈ ಭಾಗ ಇಡೀ ಪ್ರಕಾರದಲ್ಲೇ ನಾನು ಕಂಡ ಅತ್ಯಂತ ಧೈರ್ಯದ ಬರವಣಿಗೆ. ಕೊನೆಗೆ ಅವಳು ಲೋಕ ಉಳಿಸೋ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಟಿಸೆ ಅನ್ನೋ ಹಂತಕಿ ಗೆಳತಿಯ ಜೊತೆ ಸೇರಿ ಔಷಧಿ ಗಿಡ ಬೆಳೀತಾಳೆ. ಅಣ್ಣನ ಅಂಗಡಿಗೇ ಸಪ್ಲೈ.

ಹುಟ್ಟು ಬರೆದ ರ‍್ಯಾಂಕನ್ನು ದಾಟಿದವರ ಕಥೆ ಬೇಕಿದ್ದರೆ ನಾವು ಗಡಿನಾಡಿನ ಕಲ್ಪನೆಗೆ ಹೋಗಬೇಕಿಲ್ಲ, ಧಾರವಾಡದ ಶುಕ್ರವಾರಪೇಟೆಗೆ ಹೋದರೆ ಸಾಕು. ಗಂಗೂಬಾಯಿ ಹಾನಗಲ್ ಹುಟ್ಟಿದ್ದು 1913ರಲ್ಲಿ. ಬಾಲ್ಯ ಕಳೆದದ್ದು ಮೇಲ್ಜಾತಿಯವರ ಮನೆಗಳ ನಡುವಿನ ಆ ಓಣಿಯಲ್ಲಿ. ಹಾಡುವವಳ ಮಗಳು ಅನ್ನೋದೇ ಅವರ ರ‍್ಯಾಂಕು. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಸ್ವಾಗತಗೀತೆ ಹಾಡಿದಾಗ ಅವರಿಗೆ ಹನ್ನೊಂದು ವರ್ಷ. ಹಾಡಿನ ಭಯಕ್ಕಿಂತ ಊಟದ ಹೊತ್ತಿನ ಭಯವೇ ದೊಡ್ಡದಿತ್ತು ಅಂತ ಅವರು ಮುಂದೆ ನೆನಪಿಸಿಕೊಂಡಿದ್ದಾರೆ: ಕೆಳಜಾತಿಯವಳು ಅಂತ ಎಲ್ಲಿ ಬೇರೆ ಕೂರಿಸ್ತಾರೋ, ಎಲ್ಲಿ ಎಂಜಲು ತೆಗೆಸ್ತಾರೋ ಅಂತ.

ಅವರೇ ಹೇಳ್ತಿದ್ದ ಇನ್ನೊಂದು ಪ್ರಸಂಗ ಮಾವಿನ ಕಾಯಿಯದು. ನೆರೆಯ ಶ್ರೀಮಂತರ ತೋಟಕ್ಕೆ ನುಗ್ಗಿ ಮಾವು ಕದ್ದರು. ಮಕ್ಕಳು ಮಾವು ಕದಿಯೋದು ಯಾವ ಊರಲ್ಲಿ ಇಲ್ಲ? ಆ ಮನೆಯವರು ಗಾಬರಿಯಾದದ್ದು ಕಳ್ಳತನಕ್ಕಲ್ಲ, ಹಾಡುವವಳ ಮಗಳು ತಮ್ಮ ತೋಟ ಮೆಟ್ಟಿದಳು ಅನ್ನೋದಕ್ಕೆ. ಎಷ್ಟೋ ವರ್ಷ ಆದಮೇಲೆ ಅದೇ ಜನ ಅವರನ್ನು ಮನೆಗೆ ಕರೆದು ಭರ್ಜರಿ ಊಟ ಹಾಕಿದರು. ಝಮಾಗೆ ಇದಕ್ಕಿಂತ ಒಳ್ಳೇ ಕಚ್ಚಾವಸ್ತು ಬೇಕಾ? ಆದರೆ ‘ತಡ ಆಯ್ತು’ ಅನ್ನೋ ಮಾತು ಅವರಿಂದ ಬರಲಿಲ್ಲ. ಹೋಗಿ ಉಂಡರು, ಉಂಡದ್ದನ್ನೂ ಹೇಳಿದರು, ಮಾವಿನ ಕಾಯಿಯನ್ನೂ ಹೇಳಿದರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಲ್ಲೇ ಚುಚ್ಚು ಇದೆ. ಊಟ ಹಾಕಿದವರಿಗೆ ಅದು ಗೊತ್ತಾಗಿರಲಿಕ್ಕೂ ಸಾಕು.

ಇನ್ನು ಅವರ ದನಿ. 1930ರ ದಶಕದ ಮೊದಲ ರೆಕಾರ್ಡುಗಳಲ್ಲಿ, ‘ಗಾಂಧಾರಿ ಹಾನಗಲ್’ ಅನ್ನೋ ಹೆಸರಲ್ಲಿ ಬಂದವು, ಕೇಳಿಸೋದು ಏರುದನಿಯ ಹೆಣ್ಣುಕಂಠ. ಆಮೇಲೆ ಗಂಟಲಿನ ಚಿಕಿತ್ಸೆಯಾಗಿ ದನಿ ಇಳಿದು ಗಂಡಸಿನ ದನಿಯ ಹತ್ತಿರ ಬಂತು. ಅನಿಮೆ ಭಾಷೆಯಲ್ಲಿ ಹೇಳೋದಾದರೆ ಇದ್ದ ಒಂದು ವರವೂ ಹೋಯ್ತು. ಗುಪ್ತವಾಗಿ ಇನ್ನೊಂದು ಕಾದು ಕೂತಿರಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತದ್ದು, ಕಲಿತದ್ದನ್ನು ದಿನಾ ತಿಕ್ಕಿದ್ದು, ಆ ಇಳಿದ ದನಿಯಲ್ಲೇ ಕಿರಾಣಾ ಘರಾಣೆಯ ನಿಧಾನದ ಆಲಾಪ ಕಟ್ಟಿದ್ದು, ಇಷ್ಟೇ. 2002ರಲ್ಲಿ ಪದ್ಮವಿಭೂಷಣ ಬಂತು, 2009ರಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಂಡರು. ರಿಯಾಜಿಗೆ ಸ್ಟೇಟಸ್ ಸ್ಕ್ರೀನ್ ಇಲ್ಲ, ಅದೇ ಅನಿಮೆ ನಾಯಕರಿಗೂ ಅವರಿಗೂ ಇರೋ ವ್ಯತ್ಯಾಸ.

ಇದರಲ್ಲಿ ನನ್ನನ್ನು ಹೆಚ್ಚು ಕಾಡೋದು ಮಾತ್ರ ಗಂಗೂಬಾಯಿ ಅಲ್ಲ, ಅವರ ತಾಯಿ ಅಂಬಾಬಾಯಿ. ಆಕೆ ಕರ್ನಾಟಕ ಸಂಗೀತದ ಒಳ್ಳೇ ಹಾಡುಗಾರ್ತಿ. ಮಗಳು ಹಿಂದೂಸ್ತಾನಿ ಕಲಿಯೋವಾಗ ಮನೆಯಲ್ಲಿ ತನ್ನ ಹಾಡು ಬಿದ್ದರೆ ಮಗಳ ಕಿವಿ ಕಲಸುಮೇಲೋಗರ ಆದೀತು ಅಂತ ಹಾಡೋದನ್ನೇ ಬಿಟ್ಟರು. ಯಾರೂ ಹೊರಹಾಕಲಿಲ್ಲ. ತಾನೇ ಎದ್ದು ಹೊರಗೆ ಬಂದರು. ಶುರುವಿನ ದಾರಿ ತೋರಿಸಿ ಹಿಂದೆ ಸರಿಯೋ ಗಿಡಿಯನ್‌ನ ವರ ಇದ್ದರೆ ಅದು ಆಕೆಗಿತ್ತು, ಆದರೆ ಅಂಬಾಬಾಯಿಗೆ ಯಾವ ಝೋಲ್ಟಾನೂ ಸಿಗಲಿಲ್ಲ, ಅಂಗಡಿಯೂ ಸಿಗಲಿಲ್ಲ. ಆಕೆ ಹೇಗೆ ಹಾಡ್ತಿದ್ದರು ಅಂತ ನಾವು ಕೇಳಿ ತಿಳಿಯೋ ದಾರಿ ಇಲ್ಲ. ಗಡೀಪಾರಿನ ಕಥೆ ಬರೆಯೋ ಯಾವ ಲೇಖಕನೂ ಆಕೆಯನ್ನು ನಾಯಕಿ ಮಾಡೋದಿಲ್ಲ.

ಮತ್ತೆ ಅನಿಮೆಗೆ. ಝಪ್ಪೊನ್ ಎಡವಿದ್ದು ಅರೆಸ್ ವಿಷಯದಲ್ಲಿ. ಹುಟ್ಟಿನ ವರ ಮನುಷ್ಯನನ್ನು ಹೇಗೆ ತಿರುಚುತ್ತೆ ಅಂತ ಅಷ್ಟು ಚೆನ್ನಾಗಿ ತೋರಿಸಿದ ಕಥೆ, ‘ಜ್ಞಾನಿ’ಯ ವರ ಹೊತ್ತ ಅರೆಸ್‌ಗೂ ಅದೇ ಕರುಣೆ ತೋರಿಸಬಹುದಿತ್ತು. ಅವನಿಗೂ ತನ್ನ ಸ್ಥಾನ ಕಳೆದುಕೊಳ್ಳೋ ಭಯ ಇತ್ತು. ಲೆಕ್ಕದಲ್ಲಿ ಸರಿ ಇದ್ದು ಮನುಷ್ಯತ್ವದಲ್ಲಿ ತಪ್ಪಿದವನು, ನಮ್ಮ ಭೀಷ್ಮನ ದೂರದ ಸಂಬಂಧಿ. ಆದರೆ ಕೊನೆಯ ಎಪಿಸೋಡುಗಳಲ್ಲಿ ಅವನಿಗೆ ಹುಚ್ಚು ಹಿಡಿಸಿ, ಕಣ್ಣು ಕೆಂಪಗೆ ಮಾಡಿ, ಹೊಡೆದು ಮುಗಿಸ್ತಾರೆ. ನಿಧಾನದ ಬದುಕು ಅಂತ ಹನ್ನೆರಡು ಎಪಿಸೋಡು ಹೇಳಿ ಕೊನೆಗೆ ಝಮಾ ಬೇಕು ಅಂದವರಿಗೆ ಝಮಾ ಕೊಟ್ಟೇ ಕಳಿಸಿದ ಹಾಗಾಯ್ತು. ಪ್ರಕಾರದ ಸುಂಕ ಕಟ್ಟದೆ ಯಾರೂ ದಾಟೋ ಹಾಗಿಲ್ಲ ಅನಿಸುತ್ತೆ.

ಎರಡನೇ ಸೀಸನ್‌ನಲ್ಲಿ ಅದರ ಪ್ರಾಯಶ್ಚಿತ್ತ ಸ್ವಲ್ಪ ನಡೆಯುತ್ತೆ. ವ್ಯಾನ್ ಅನ್ನೋ ಹೊಸ ವೀರ ಬರ್ತಾನೆ, ತನ್ನ ವರ ಹೇಳಿದ್ದೇ ದೇವರ ಮಾತು ಅಂತ ಕಣ್ಮುಚ್ಚಿ ನಂಬಿದ ಹುಡುಗ. ತಾನು ಮಾಡೋದೆಲ್ಲ ಧರ್ಮ ಅಂತ ಪ್ರಾಮಾಣಿಕವಾಗಿ ತಿಳಿದವನು, ಹಾಗಾಗಿ ಅರೆಸ್‌ಗಿಂತ ಅಪಾಯಕಾರಿ. ಈ ಸಲ ರೆಡ್ ಮತ್ತು ರೂಟಿ ಹುಡುಕೋದು ಅವನನ್ನು ಮುಗಿಸೋ ದಾರಿಯನ್ನಲ್ಲ. ಕಲಿಸಲಿಕ್ಕೆ ಆಗುತ್ತಾ ಅಂತ ನೋಡ್ತಾರೆ. ಗತಿ ನಿಧಾನ, ಮಧ್ಯದಲ್ಲಿ ಬೋರ್ ಕೂಡ ಆಗುತ್ತೆ, ರಿಟ್‌ಗೆ ಉಂಗುರ ಮಾಡಿಸೋ ಗಡಿಬಿಡಿ ಅಷ್ಟು ಉದ್ದ ಬೇಕಿರಲಿಲ್ಲ. ಆದರೂ ನೋಡಿ.

ಆ ಗೆಳೆಯನಿಗೆ ಆಮೇಲೆ ಕೆಲಸ ಸಿಕ್ಕಿತು, ಮೊದಲಿಗಿಂತ ಕಮ್ಮಿ ಸಂಬಳಕ್ಕೆ, ಹುಬ್ಬಳ್ಳಿಯಲ್ಲೇ. ಅವನ ಹಳೇ ಮ್ಯಾನೇಜರ್‌ನನ್ನೂ ಆರು ತಿಂಗಳಲ್ಲಿ ತೆಗೆದರಂತೆ. ಆ ಮನುಷ್ಯ ಇವನಿಗೆ ಮೆಸೇಜ್ ಹಾಕಿದ್ದ, ನಿಮ್ಮ ಕಡೆ ಏನಾದರೂ ಓಪನಿಂಗ್ ಇದ್ದರೆ ಹೇಳಿ ಅಂತ. ‘ನೀ ಏನಂದಿ?’ ಅಂತ ಕೇಳಿದೆ. ರೆಸ್ಯೂಮೆ ತರಿಸಿಕೊಂಡು ಫಾರ್ವರ್ಡ್ ಮಾಡಿದೆ ಅಂದ. ಯಾಕೆ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.